ಕಲ್ಲಿನ ತೇರಿಗೊಂದು ಶಿಖರವಿತ್ತು

ಹಂಪಿಗೆ ಹೋಗಿ ಬಂದವರ ಫೋನಿನಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ತೇರು ಇದ್ದೇ ಇರುತ್ತೆ. ಹೋಗದವರ ಜೇಬಿನಲ್ಲೂ ಇರುತ್ತೆ, ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ. ಆದರೆ 1856ರ ಒಂದು ಫೋಟೋದಲ್ಲಿ ಇದೇ ತೇರನ್ನು ನೋಡಿದರೆ ಗುರುತು ಹತ್ತೋದಕ್ಕೆ ಒಂದು ಕ್ಷಣ ಬೇಕು. ಅದರ ತಲೆ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ!

ಫೋಟೋ ತೆಗೆದವನು ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಆಗ ಅವನ ನೆಗೆಟಿವ್ ಅಂದ್ರೆ ಮೇಣ ಹಚ್ಚಿದ ಕಾಗದ. ಪ್ರಿಂಟ್ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಅದಕ್ಕೆ ತಕ್ಕ ಭಾರೀ ಕ್ಯಾಮೆರಾ ಹೊರಬೇಕು. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕು. ಆ ಕಾಗದಕ್ಕೆ ನೀಲಿ ಬೆಳಕು ಬೇಗ ತಾಗುತ್ತಿದ್ದರಿಂದ ಆಕಾಶ ಬರೀ ಬಿಳಿ. ಮೋಡ, ಸೂರ್ಯಾಸ್ತ ಏನನ್ನೂ ನಂಬಿಕೊಳ್ಳೋ ಹಾಗಿರಲಿಲ್ಲ. ಚಿತ್ರ ನಿಲ್ಲಬೇಕಿದ್ದದ್ದು ಕಲ್ಲಿನ ಆಕಾರ ಮತ್ತು ನೆರಳಿನ ಮೇಲೆ ಮಾತ್ರ.

ಇವತ್ತು ಹಳೇ ಕಟ್ಟಡ ತೆಗೆಯೋರಿಗೂ ಪಾಠ ಅದೇ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಕಂಬಗಳು ಹಿಂದಕ್ಕೆ ವಾಲುತ್ತವೆ. ಮಟ್ಟವಾಗಿ ಹಿಡಿದು ದೂರ ಸರಿಯಿರಿ. ನಟ್ಟ ನಡುವೆ ಎದುರು ನಿಂತರೆ ಗಾಂಭೀರ್ಯ ಸಿಗುತ್ತೆ, ಓರೆಯಾಗಿ ನಿಂತರೆ ಎರಡು ಮುಖ ಕಂಡು ಗಾತ್ರ ತಿಳಿಯುತ್ತೆ. ಬೆಳಕು ಪಕ್ಕದಿಂದ ಬೀಳೋ ಹೊತ್ತಿಗೆ ಕಾಯಿರಿ, ಕೆತ್ತನೆ ಎದ್ದು ಬರುತ್ತೆ.

1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ತೇರಿನ ಮೇಲಿನ ಶಿಖರ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಕಲ್ಲು ಮಾತ್ರ ಚೆಂದ, ಇಟ್ಟಿಗೆ ಯಾಕೆ ಅಂತ ಗ್ರೀನ್‌ಲಾ ಚೌಕಟ್ಟನ್ನು ಕೆಳಗಿಳಿಸಿದ್ದರೆ? ತೇರು ಮೊದಲಿನಿಂದಲೂ ನೋಟಿನಲ್ಲಿರೋ ಹಾಗೇ ಇತ್ತು ಅಂತ ನಾವು ಸುಲಭವಾಗಿ ನಂಬಿಬಿಡುತ್ತಿದ್ದೆವು.

ನಾವೀಗ ತಂತಿ ಅಳಿಸ್ತೀವಿ, ಬೇಲಿ ಕತ್ತರಿಸ್ತೀವಿ, ಜನ ಸರಿಯೋವರೆಗೂ ಕಾಯ್ತೀವಿ. ಗೋಡೆಗೆ ಹಾಕೋ ಚಿತ್ರಕ್ಕೆ ಅದು ಸರಿಯೇ. ಅದರ ಜೊತೆಗೆ ಒಂದು ಚಿತ್ರವನ್ನು ಮಾತ್ರ ಏನೂ ಕತ್ತರಿಸದೆ, ದಿನಾಂಕ ಮತ್ತು ನಿಂತ ಜಾಗ ಬರೆದು ಇಟ್ಟುಬಿಡಿ. ಬೇಲಿ, ತಂತಿ, ಬಿರುಕಿಗೆ ಮೆತ್ತಿದ ಸಿಮೆಂಟು ಎಲ್ಲಾ ಇರಲಿ. ಮುಂದೆ ಯಾರಾದರೂ ಅದೇ ಜಾಗದಲ್ಲಿ ನಿಂತು ಏನು ಹೋಯ್ತು ಅಂತ ಹುಡುಕುವಾಗ ಅವರಿಗೆ ಬೇಕಾಗೋದು ಆ ಎರಡನೇ ಚಿತ್ರ.