ಕಲಾವಿದ ಕಾದಂಬರಿ

ಚಿತ್ರಕಾರ, ಗಾಯಕ, ಕವಿ, ನಟ ಮೊದಲಾದವರ ಬದುಕನ್ನೂ ಅವರ ಸೃಷ್ಟಿಶಕ್ತಿ ತಂದೊಡ್ಡುವ ಸಂಕಟವನ್ನೂ ವಸ್ತುವಾಗುಳ್ಳ ಕಾದಂಬರಿ ಪ್ರಕಾರ. 18ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ರೂಪು ತಳೆದು, ಯೂರೋಪಿನ ಇತರ ಭಾಷೆಗಳಿಗೆ ಹಬ್ಬಿ, 20ನೆಯ ಶತಮಾನದಲ್ಲಿ ಭಾರತೀಯ ಭಾಷೆಗಳಲ್ಲೂ ಬೇರೂರಿತು. ಪ್ರತಿಭೆ ಒಂದು ಹೊರೆ ಎಂಬುದನ್ನು ಈ ಕಾದಂಬರಿಗಳು ಹೆಚ್ಚುಕಡಿಮೆ ಒಪ್ಪಿಕೊಂಡೇ ಹೊರಡುತ್ತವೆ. ಅದನ್ನು ಹೊರುವವನು ಕಲಾವಿದನೋ, ಅವನ ಮನೆಯವರೋ ಎಂಬ ವಿಷಯದಲ್ಲಿ ಮಾತ್ರ ಅವು ಒಂದು ಮಾತಿಗೆ ಬರುವುದಿಲ್ಲ. ಈ ಪ್ರಕಾರದ ಚರಿತ್ರೆಯನ್ನು ಆ ಭೇದದ ಚರಿತ್ರೆಯಾಗಿಯೇ ಓದಬಹುದು.

ಮಧ್ಯಯುಗದ ಯೂರೋಪಿನಲ್ಲಿ ಚಿತ್ರಕಾರ ಕಸುಬುದಾರರ ಸಂಘಕ್ಕೆ ಸೇರಿದವನು. ಚರ್ಚೋ ಅರಮನೆಯೋ ಹೇಳಿದ್ದನ್ನು ಮಾಡಿಕೊಟ್ಟು ಕೂಲಿ ಪಡೆಯುತ್ತಿದ್ದವನು. ಅವನ ಬದುಕೂ ಬರೆದಿಡಲು ತಕ್ಕದ್ದು ಎಂದು ತೋರಿಸಿಕೊಟ್ಟದ್ದು 1550ರಲ್ಲಿ ಪ್ರಕಟವಾದ ವಸಾರಿಯ ಇಟಾಲಿಯನ್ ಕಲಾವಿದರ ಚರಿತ್ರೆಗಳು. 1790ರಲ್ಲಿ ತತ್ತ್ವಜ್ಞಾನಿ ಕಾಂಟ್, ಕಲೆಗೆ ನಿಯಮ ಕೊಡುವ ಹುಟ್ಟುಶಕ್ತಿಯೇ ಪ್ರತಿಭೆ ಎಂದು ವಿವರಿಸಿದ. ಅದೇ ಕಾಲಕ್ಕೆ ಹಳೆಯ ಆಶ್ರಯದಾತರು ಹಿಂದೆ ಸರಿಯುತ್ತಿದ್ದರು, ಮಾರುಕಟ್ಟೆ ಮುಂದೆ ಬರುತ್ತಿತ್ತು. ಯಜಮಾನನಿಲ್ಲದ ಕಲಾವಿದ ತಾನು ಯಾರಿಗಾಗಿ, ಯಾತಕ್ಕಾಗಿ ಸೃಷ್ಟಿಸುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳಬೇಕಾಯಿತು. ಕಾದಂಬರಿಗೆ ಹೊಸ ನಾಯಕನೊಬ್ಬ ಸಿಕ್ಕಿದ್ದು ಹೀಗೆ.

ಗಯಟೆಯ ವಿಲ್ಹೆಲ್ಮ್ ಮೈಸ್ಟರ್‌ನ ಕಲಿಕೆಯ ವರ್ಷಗಳು (1795–96) ಇದರ ಮೊದಲ ದೊಡ್ಡ ಮಾದರಿ. ವರ್ತಕನ ಮಗ ನಾಟಕದ ತಂಡ ಸೇರುತ್ತಾನೆ, ಕೊನೆಗೆ ರಂಗಭೂಮಿ ತನ್ನ ದಾರಿಯಲ್ಲವೆಂದು ಅರಿಯುತ್ತಾನೆ. ಈ ಬಗೆಯ ರಾಜಿ ನಂತರ ಬಂದ ರಮ್ಯ ಲೇಖಕರಿಗೆ ಹಿಡಿಸಲಿಲ್ಲ. ಟೀಕ್ 1798ರಲ್ಲಿ ಚಿತ್ರಕಾರ ಡ್ಯೂರರನ ಶಿಷ್ಯನೊಬ್ಬನ ಅಲೆದಾಟವನ್ನು ಬರೆದ. ನೊವಾಲಿಸ್ ಅಪೂರ್ಣವಾಗಿ ಬಿಟ್ಟುಹೋದ ಕವಿಯ ಕಥೆ ಅವನ ಮರಣಾನಂತರ, 1802ರಲ್ಲಿ ಹೊರಬಂತು. ಇವರಿಬ್ಬರಿಗೂ ಕಲೆಯೆಂದರೆ ಪೂಜೆ. ಅದರ ನೋವನ್ನು ಒಳಗಿನಿಂದ ಕಂಡವನು ಹಾಫ್‌ಮನ್. ವೃತ್ತಿಯಲ್ಲಿ ನ್ಯಾಯಾಧೀಶ, ಒಲವಿನಲ್ಲಿ ಸಂಗೀತ ರಚನಕಾರ. ಅವನ ಮುರ್ ಎಂಬ ಬೆಕ್ಕಿನ ಆತ್ಮಕಥೆಯ (1819–21) ಹಾಳೆಗಳ ನಡುನಡುವೆ ಕ್ರೈಸ್ಲರ್ ಎಂಬ ಸಂಗೀತಗಾರನ ಜೀವನದ ಹರಿದ ಪುಟಗಳು ಸೇರಿಕೊಂಡಿವೆ. ಬೆಕ್ಕಿನ ಸುಖಸಂಸಾರ ಸಾಂಗವಾಗಿ ಸಾಗುತ್ತದೆ. ಸಂಗೀತಗಾರನ ಕಥೆ ಮಾತ್ರ ತುಂಡುತುಂಡಾಗಿಯೇ ಉಳಿಯುತ್ತದೆ.

ಫ್ರಾನ್ಸಿನಲ್ಲಿ ಈ ವಸ್ತು ಚಿತ್ರಶಾಲೆಯೊಳಕ್ಕೆ ಬಂತು. ಬಾಲ್ಜಾಕ್‌ನ ಅಜ್ಞಾತ ಮೇರುಕೃತಿ (1831) ಕಾದಂಬರಿಯೆನ್ನಲಾಗದಷ್ಟು ಚಿಕ್ಕದು, ಆದರೆ ಮುಂದಿನ ನೂರು ವರ್ಷದ ಕಾದಂಬರಿಗಳ ಬೀಜ ಅದರಲ್ಲಿದೆ. 17ನೆಯ ಶತಮಾನದ ಪ್ಯಾರಿಸಿನಲ್ಲಿ ಮುದಿ ಚಿತ್ರಕಾರ ಫ್ರೆನ್‌ಹೋಫರ್ ಒಬ್ಬ ಹೆಣ್ಣಿನ ಚಿತ್ರವನ್ನು ಹತ್ತು ವರ್ಷದಿಂದ ಯಾರಿಗೂ ತೋರಿಸದೆ ತಿದ್ದುತ್ತಿದ್ದಾನೆ. ತರುಣ ಚಿತ್ರಕಾರ ಪೂಸ್ಸೆನ್ ಅದನ್ನು ನೋಡುವ ಆಸೆಗೆ ಬಿದ್ದು, ತನ್ನ ಪ್ರೇಯಸಿ ಜಿಲೆಟ್‌ಳನ್ನು ಮುದುಕನ ಮುಂದೆ ರೂಪದರ್ಶಿಯಾಗಿ ನಿಲ್ಲಲು ಒಪ್ಪಿಸುತ್ತಾನೆ. ಪರದೆ ಸರಿದಾಗ ಕಾಣುವುದು ಗೆರೆ ಬಣ್ಣಗಳ ಗೋಜಲು, ಒಂದು ಮೂಲೆಯಲ್ಲಿ ಜೀವಂತವೆನಿಸುವ ಒಂದು ಪಾದ. ಆ ರಾತ್ರಿ ಫ್ರೆನ್‌ಹೋಫರ್ ಚಿತ್ರಗಳನ್ನು ಸುಟ್ಟು ಸಾಯುತ್ತಾನೆ. ವಿಮರ್ಶಕರು ಈ ಪಾದವನ್ನು ಕುರಿತು ಬಹಳ ಬರೆದಿದ್ದಾರೆ, ಮೂಲೆಯಲ್ಲಿ ಅಳುತ್ತ ನಿಂತ ಜಿಲೆಟ್‌ಳ ಕಡೆ ಅಷ್ಟಾಗಿ ನೋಡಿಲ್ಲ. ಬಾಲ್ಜಾಕ್ ನೋಡಿದ್ದ. ಚಿತ್ರ ತೋರಿಸಿದ್ದಕ್ಕೆ ಬೆಲೆಯಾಗಿ ತೆತ್ತದ್ದು ಅವಳನ್ನು ಎಂಬುದನ್ನು ಅವನು ಮರೆಯುವುದಿಲ್ಲ.

ಎಮಿಲ್ ಜೋಲಾ ಈ ಎಳೆಯನ್ನು ಕೊನೆ ಮುಟ್ಟಿಸಿದ. ಇಪ್ಪತ್ತು ಕಾದಂಬರಿಗಳ ಅವನ ಮಾಲೆಯಲ್ಲಿ ಹದಿನಾಲ್ಕನೆಯದಾದ ‘ಕೃತಿ’ (1886) ಕ್ಲೋಡ್ ಲಾಂಟ್ಯೆ ಎಂಬ ಹೊಸ ಪಂಥದ ಚಿತ್ರಕಾರನದು. ಹೆಂಡತಿ ಕ್ರಿಸ್ಟೀನ್ ಚಳಿಯಲ್ಲಿ ಬೆತ್ತಲೆ ನಿಂತು ರೂಪದರ್ಶಿಯಾಗುತ್ತಾಳೆ, ಕ್ಯಾನ್ವಾಸಿನ ಹೆಣ್ಣೇ ತನ್ನ ಸವತಿಯಾದುದನ್ನು ಕಾಣುತ್ತಾಳೆ. ಮಗ ಸತ್ತಾಗ ಕ್ಲೋಡ್ ಅತ್ತರೂ ಕೈ ತಡೆಯದೆ ಹೆಣದ ಚಿತ್ರ ಬರೆಯುತ್ತಾನೆ. ಕಡೆಗೆ ಮುಗಿಯದ ಚಿತ್ರದ ಮುಂದೆ ನೇಣು ಹಾಕಿಕೊಳ್ಳುತ್ತಾನೆ. ಕ್ಲೋಡ್‌ನಲ್ಲಿ ಜೋಲಾನ ಬಾಲ್ಯದ ಗೆಳೆಯ, ಚಿತ್ರಕಾರ ಸೆಜಾನ್‌ನ ಛಾಯೆಯಿತ್ತು. ಪುಸ್ತಕ ಕೈಸೇರಿದಾಗ ಸೆಜಾನ್ ಚುಟುಕಾದ ಕೃತಜ್ಞತಾ ಪತ್ರ ಬರೆದ. ಅಲ್ಲಿಗೆ ಸ್ನೇಹ ಮುರಿಯಿತು ಎಂಬ ನಂಬಿಕೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1887ರ ಇನ್ನೊಂದು ಪತ್ರ ಈಚೆಗೆ ಬೆಳಕಿಗೆ ಬಂದು ಆ ಕಥೆಯನ್ನು ಸಡಿಲಿಸಿದೆ.

20ನೆಯ ಶತಮಾನದ ಆರಂಭದಲ್ಲಿ ಕಲಾವಿದ ಮತ್ತೆ ವೀರನಾದ. ರೊಮೇನ್ ರೋಲಾ ಹತ್ತು ಸಂಪುಟಗಳ ಜಾನ್ ಕ್ರಿಸ್ತಾಫ್‌ನಲ್ಲಿ (1904–12) ಬೀತೋವನ್‌ನ ಅಚ್ಚಿನ ಸಂಗೀತಗಾರನನ್ನು ಕಡೆದ. ಜಾಯ್ಸ್‌ನ ಸ್ಟೀಫನ್ ಡೆಡಾಲಸ್ (1916) ಮನೆ, ದೇಶ, ಧರ್ಮ ಮೂರನ್ನೂ ಬಿಟ್ಟು ಹೊರಡುತ್ತಾನೆ. ಬಿಟ್ಟು ಹೋಗುವುದೇ ಪ್ರತಿಭೆಯ ಗುರುತು ಎಂಬ ಭಾವನೆಯನ್ನು ಜನಪ್ರಿಯಗೊಳಿಸಿದ್ದು ಸಾಮರ್‌ಸೆಟ್ ಮಾಮ್‌ನ ದಿ ಮೂನ್ ಅಂಡ್ ಸಿಕ್ಸ್‌ಪೆನ್ಸ್ (1919). ಚಿತ್ರಕಾರ ಗೋಗ್ಯಾನ್‌ನ ಬದುಕನ್ನು ಆಧರಿಸಿದ ಈ ಕಾದಂಬರಿಯ ಸ್ಟ್ರಿಕ್‌ಲ್ಯಾಂಡ್ ಹೆಂಡತಿ ಮಕ್ಕಳನ್ನು ತೊರೆಯುತ್ತಾನೆ. ಅವನನ್ನು ನಂಬಿ ಗಂಡನನ್ನು ಬಿಟ್ಟ ಇನ್ನೊಬ್ಬಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ನಿರೂಪಕನಿಗೆ ಅಸಹ್ಯವೂ ಬೆರಗೂ ಒಟ್ಟಿಗೆ, ಆದರೆ ಗೆಲ್ಲುವುದು ಬೆರಗು. ಕಲೆ ದೊಡ್ಡದಾದರೆ ಕ್ರೌರ್ಯ ಮಾಫಿ ಎಂಬ ಈ ಲೆಕ್ಕ ಕಾದಂಬರಿಯ ದೌರ್ಬಲ್ಯವೇ ಸರಿ, ಅದರ ಜನಪ್ರಿಯತೆಗೆ ಕಾರಣವೂ ಅದೇ.

ಕಲಾವಿದೆಯರ ಕಥೆಗಳಲ್ಲಿ ಹೊರೆ ಯಾರದೆಂಬ ಪ್ರಶ್ನೆ ತಿರುಗಿ ನಿಲ್ಲುತ್ತದೆ. ವಿಲಾ ಕ್ಯಾದರ್‌ಳ ದಿ ಸಾಂಗ್ ಆಫ್ ದಿ ಲಾರ್ಕ್‌ನಲ್ಲಿ (1915) ಕೊಲರಾಡೋದ ಸಣ್ಣ ಊರಿನ ಹುಡುಗಿ ಆಪೆರಾ ಗಾಯಕಿಯಾಗುತ್ತಾಳೆ. ವರ್ಜೀನಿಯಾ ವುಲ್ಫ್‌ಳ ಟು ದಿ ಲೈಟ್‌ಹೌಸ್‌ನ (1927) ಲಿಲಿ ಬ್ರಿಸ್ಕೋ, ಹೆಂಗಸರಿಗೆ ಚಿತ್ರ ಬರೆಯಲು ಬಾರದು ಎಂಬ ಮಾತನ್ನು ಎದೆಯಲ್ಲಿಟ್ಟುಕೊಂಡೇ ಕುಂಚ ಹಿಡಿಯುತ್ತಾಳೆ. ಇವರ ಬದುಕನ್ನು ಸಂಭಾಳಿಸಲು ಮನೆಯಲ್ಲಿ ಕ್ರಿಸ್ಟೀನ್‌ನಂಥವಳು ಇಲ್ಲ.

ಈ ಪ್ರಕಾರದ ಅತ್ಯಂತ ಕಠಿಣ ಕೃತಿ ಥಾಮಸ್ ಮಾನ್‌ನ ಡಾಕ್ಟರ್ ಫೌಸ್ಟಸ್ (1947). ನಾಜಿಗಳಿಂದ ದೇಶಭ್ರಷ್ಟನಾಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಮಾನ್ ಇದನ್ನು ಬರೆದ. ಸಂಗೀತ ರಚನಕಾರ ಲೆವರ್‌ಕ್ಯೂನ್ ಇಪ್ಪತ್ನಾಲ್ಕು ವರ್ಷದ ಸೃಷ್ಟಿಶಕ್ತಿಗಾಗಿ ಸೈತಾನನೊಡನೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಷರತ್ತು, ಅವನು ಯಾರನ್ನೂ ಪ್ರೀತಿಸಬಾರದು. ಅವನ ಅಕ್ಕರೆಗೆ ಪಾತ್ರನಾದ ಪುಟ್ಟ ಸೋದರಳಿಯ ಮಿದುಳಿನ ರೋಗದಿಂದ ನರಳಿ ಸಾಯುತ್ತಾನೆ. ಈ ಕಥೆಯನ್ನು ಹೇಳುವ ಗೆಳೆಯನ ಸುತ್ತ ಜರ್ಮನಿ ಬಾಂಬುಗಳಿಗೆ ಕುಸಿಯುತ್ತಿರುತ್ತದೆ. ಪ್ರತಿಭೆಯನ್ನು ಲೋಕನೀತಿಗಿಂತ ಮೇಲಿಟ್ಟ ದೇಶಕ್ಕೆ ಏನಾಯಿತೆಂಬುದನ್ನು ಮಾನ್ ಒಬ್ಬ ವ್ಯಕ್ತಿಯಲ್ಲಿ ತೋರಿಸಿದ. ನಾಯಕನಿಗೆ ಕೊಟ್ಟ ಹನ್ನೆರಡು ಸ್ವರಗಳ ಪದ್ಧತಿ ತನ್ನದೆಂದು ಸಂಗೀತ ರಚನಕಾರ ಷೋನ್‌ಬರ್ಗ್ ಸಿಟ್ಟಾದಾಗ, ಮುಂದಿನ ಮುದ್ರಣಗಳಲ್ಲಿ ಅದನ್ನು ಒಪ್ಪಿ ಟಿಪ್ಪಣಿ ಸೇರಿಸಬೇಕಾಯಿತು.

ಭಾರತದಲ್ಲಿ ಕಲೆಗೆ ಗುರುಪರಂಪರೆ, ಜಾತಿ, ಸಂಸ್ಥಾನಗಳ ಹಂಗು ಬಹುಕಾಲ ಉಳಿದುದರಿಂದ ಒಂಟಿ ಪ್ರತಿಭೆಯ ಕಲ್ಪನೆ ಬೇರೆ ರೂಪ ಪಡೆಯಿತು. ಬಂಗಾಳಿಯಲ್ಲಿ ತಾರಾಶಂಕರ ಬಂದ್ಯೋಪಾಧ್ಯಾಯರ ಕವಿಯ ನಿತಾಯಿ ಡೋಮ ಜಾತಿಯವನು. ಹುಟ್ಟಿನ ಅವಮಾನದ ನಡುವೆ ಪದ ಕಟ್ಟುತ್ತಾನೆ. ಕನ್ನಡದಲ್ಲಿ ಕಲಾವಿದನನ್ನು ಕಾದಂಬರಿಯ ಹೃದಯದಲ್ಲಿ ಕೂರಿಸಿದವರು ಅ.ನ.ಕೃಷ್ಣರಾಯರು. ಸಂಧ್ಯಾರಾಗದಲ್ಲಿ ಗಾಯಕ, ಉದಯರಾಗದಲ್ಲಿ ಚಿತ್ರಕಾರ, ನಟಸಾರ್ವಭೌಮದಲ್ಲಿ ನಟ. ಹಾಡುಗಾರರನ್ನೂ ಭಾಗವತರನ್ನೂ ಮನೆಯ ಜಗಲಿಯಾಚೆಗೇ ನಿಲ್ಲಿಸಿದ್ದ ಮಧ್ಯಮ ವರ್ಗಕ್ಕೆ ಅವರ ಘನತೆಯನ್ನು ಮನಗಾಣಿಸಿದ್ದು ಅನಕೃ ಮಾಡಿದ ದೊಡ್ಡ ಕೆಲಸ. ಸಂಧ್ಯಾರಾಗ 1966ರಲ್ಲಿ ಚಲನಚಿತ್ರವಾದಾಗ ರಾಜಕುಮಾರ್ ಗಾಯಕನ ಪಾತ್ರ ವಹಿಸಿದರು, ಭೀಮಸೇನ ಜೋಶಿ ಹಾಡಿದರು. ತ.ರಾ.ಸುಬ್ಬರಾಯರ ಹಂಸಗೀತೆಯ ನಾಯಕ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ. ಪ್ರಭುತ್ವದೆದುರು ಹಾಡಲೊಲ್ಲದೆ ನಾಲಿಗೆ ಕತ್ತರಿಸಿಕೊಳ್ಳುವ ಈ ಗಾಯಕ ಪ್ರತಿಭೆಯ ಬೆಲೆಯನ್ನು ತನ್ನ ಮೈಯಿಂದಲೇ ತೆರುತ್ತಾನೆ. ಈ ಕೃತಿಯಿಂದ ಹಿಂದಿಯ ಬಸಂತ್ ಬಹಾರ್ (1956), ಜಿ.ವಿ.ಅಯ್ಯರ್ ಅವರ ಹಂಸಗೀತೆ (1975) ಚಿತ್ರಗಳು ಬಂದವು.

ಕಲಾವಿದನ ಈ ಆರಾಧನೆಯನ್ನು ಎಸ್.ಎಲ್.ಭೈರಪ್ಪನವರ ಮಂದ್ರ ನಿಷ್ಠುರವಾಗಿ ಒರೆಗೆ ಹಚ್ಚಿತು. ಅದರ ಹಿಂದೂಸ್ತಾನಿ ಗಾಯಕ ಮೋಹನಲಾಲ ರಾಗದ ಆಳಕ್ಕೆ ಇಳಿಯಬಲ್ಲವನು, ಹೆಂಡತಿ ಮಕ್ಕಳನ್ನು ಬೀದಿಗೆ ಬಿಡಬಲ್ಲವನು, ಕಲಿಯಲು ಬಂದ ಹೆಂಗಸರನ್ನು ಬಳಸಿಕೊಳ್ಳಬಲ್ಲವನು. ಗಾಯನದ ಸುಖವನ್ನು ಭೈರಪ್ಪ ಎಲ್ಲೂ ಕಡಿಮೆ ಮಾಡಿ ಹೇಳುವುದಿಲ್ಲ, ಸುತ್ತಲಿನವರ ಯಾತನೆಯನ್ನೂ ಹಿನ್ನೆಲೆಗೆ ಸರಿಸುವುದಿಲ್ಲ. ಮಾಮ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾದಂಬರಿಗೆ 2010ನೆಯ ಸಾಲಿನ ಸರಸ್ವತಿ ಸಮ್ಮಾನ್ ದೊರೆಯಿತು.