ಅಡ್ಡಪೈಪಿನ ಸೈಕಲ್ಲು

ಊರಿನ ಚರಿತ್ರೆ ಬರೆಯಲು ಕುಳಿತವರು ಸಾಮಾನ್ಯವಾಗಿ ಗುಡಿ, ಶಾಸನ, ವೀರಗಲ್ಲುಗಳನ್ನು ಹುಡುಕುತ್ತಾರೆ. ನಮ್ಮ ತಂಗಡಗಿಗೆ ಅಂಥ ಚರಿತ್ರೆಗೇನೂ ಕೊರತೆಯಿಲ್ಲ. ಕೃಷ್ಣೆಯ ದಂಡೆಯ ಈ ಊರು ಬಸವಣ್ಣನವರ ಮಡದಿ ನೀಲಮ್ಮನವರ ಐಕ್ಯಸ್ಥಳ. ಹಡಪದ ಅಪ್ಪಣ್ಣನವರ ಹೆಸರೂ ಇದರೊಡನೆ ಕೂಡಿಕೊಂಡಿದೆ. ಆದರೆ ನಮ್ಮ ಅಪ್ಪ ಅವ್ವಂದಿರು ದಿನಾಲೂ ಬಾಳಿದ ಬಾಳಿನ ಸಾಕ್ಷಿ ಬೇರೆ ಕಡೆ ಇರುತ್ತದೆ. ನಮ್ಮ ಮನೆಯಲ್ಲಿ ಅದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಜಂಗು ಹಿಡಿದು, ಗೋಡೆಗೆ ಒರಗಿ ನಿಂತಿತ್ತು. ಅದು ಅಪ್ಪನ ಹರ್ಕ್ಯುಲಸ್ ಸೈಕಲ್ಲು.

ಎರಡೂ ಗಾಲಿ ಸಮನಾಗಿರುವ, ಚೇನಿನಿಂದ ಓಡುವ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ನಮ್ಮ ದೇಶಕ್ಕೆ ಮೊದಲು ಬಂದವು ಬ್ರಿಟಿಷ್ ಸೈಕಲ್ಲುಗಳು. ಅವು ಸಾಹೇಬರಿಗೆ ಮತ್ತು ಉಳ್ಳವರಿಗೆ ಮಾತ್ರ. ಸ್ವಾತಂತ್ರ್ಯದ ನಂತರ ಇಲ್ಲಿಯೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಗಿ ಹರ್ಕ್ಯುಲಸ್ ತಯಾರಿಸತೊಡಗಿತು. 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ ಬಂದವು. ಆಗ ಸೈಕಲ್ಲು ಹಳ್ಳಿಗೆ ಇಳಿಯಿತು. ಇಳಿದ ದಾರಿ ಮಾತ್ರ ವಿಚಿತ್ರ. ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ವರನಿಗೆ ಸೈಕಲ್ಲು, ಕೈಗಡಿಯಾರ, ರೇಡಿಯೋ ಎಂದು ಪಟ್ಟಿಯಾಗುತ್ತಿತ್ತು. ಅಪ್ಪನ ಸೈಕಲ್ಲು ಬಂದದ್ದೂ ಹಾಗೆಯೇ, 1966ರಲ್ಲಿ. ರೊಕ್ಕ ಅವ್ವನ ತವರಿನದು. ಆದರೆ ಅವ್ವ ಒಂದು ದಿನವೂ ಪೆಡಲ್ ತುಳಿಯಲಿಲ್ಲ. ಆಕೆಯ ಜಾಗ ಹಿಂದಿನ ಕ್ಯಾರಿಯರು. ಅದೂ ಊರು ದಾಟಿದ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಪಾಲಾಗುವಾಗ ನಾನು ಈ ಸೈಕಲ್ಲು ಕೇಳಿದೆ. ತಮ್ಮಂದಿರು ನಕ್ಕರು. ಮಿಸ್ತ್ರಿ ನೋಡಿ, “ಟೀಚರ್ರೀ, ಇದನ್ನ ಗುಜರಿಗೆ ಹಾಕ್ರಿ, ಐದನೂರು ರೂಪಾಯಿ ಬರ್ತದ” ಎಂದ. ನಾನು ಅವನಲ್ಲಿ ಎರಡು ಪಾನಾ, ಒಂದು ಸುತ್ತಿಗೆ ಎರವಲು ತಂದು ಬೇಸಿಗೆ ರಜೆಯಲ್ಲಿ ಒಬ್ಬಳೇ ಬಿಚ್ಚತೊಡಗಿದೆ.

ಬಿಚ್ಚುವುದೆಂದರೆ ಓದುವುದೇ. ಮಡ್‌ಗಾರ್ಡಿನ ಒಳಗೆ ಎರಿಮಣ್ಣು ಕಲ್ಲಾಗಿ ಕೂತಿತ್ತು. ಮಳೆಗಾಲದಲ್ಲಿ ಗಾಲಿ ತಿರುಗದೆ ಅಪ್ಪ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಬರುತ್ತಿದ್ದುದು ನೆನಪಾಯಿತು. ಕ್ಯಾರಿಯರಿನ ಒಂದು ಮಗ್ಗಲು ಜೋಳದ ಚೀಲದ ಭಾರಕ್ಕೆ ಬಾಗಿತ್ತು. ಪೆಡಲ್ಲಿನ ದಂಡಕ್ಕೆ ಕಾಟರ್ ಪಿನ್ ಇರುತ್ತದೆ. ಅದನ್ನು ಮೂರು ದಿನ ಎಣ್ಣೆಯಲ್ಲಿ ನೆನೆಸಿ, ಕೆಳಗೆ ಕಟ್ಟಿಗೆಯ ಆಸರೆ ಕೊಟ್ಟು ಹೊಡೆಯಬೇಕು. ಎಡಗಡೆಯ ಪೆಡಲ್ಲಿನ ಮರೆ ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಹಿಂದಿನ ಹಬ್ಬಿನಲ್ಲಿ ಮಗ್ಗಲಿಗೆ 9ರಂತೆ ಕಾಲಿಂಚಿನ ಗುಂಡುಗಳು. ಹಳೆಯವನ್ನು ಡೀಸೆಲ್ಲಿನಲ್ಲಿ ತೊಳೆದು ನೋಡಿದರೆ ಸವೆದು ಹೊಳಪಿಲ್ಲ. ಎಲ್ಲ ಹೊಸವನ್ನೇ ಹಾಕಿ ಗ್ರೀಸ್ ತುಂಬಿದೆ. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ. ಡೊಂಕು ತೆಗೆಯಲು ಸಾಲಿಯ ಸೀಮೆಸುಣ್ಣವೇ ಸಾಕಾಯಿತು. ತಿರುಗುವ ರಿಮ್ಮಿನ ಪಕ್ಕ ಹಿಡಿದರೆ ಉಬ್ಬಿದಲ್ಲಿ ಗೆರೆ ಬೀಳುತ್ತದೆ. ಆ ಕಡೆಯ ಕಡ್ಡಿ ಸಡಿಲಿಸಿ, ಎದುರಿನದನ್ನು ಕಾಲು ಸುತ್ತು ಬಿಗಿ ಮಾಡಬೇಕು. ಅವಸರ ಮಾಡಿದರೆ ಡೊಂಕು ಇನ್ನೊಂದು ಕಡೆಗೆ ಹೋಗುತ್ತದೆ. ಇದಕ್ಕೇ ನನಗೆ ನಾಲ್ಕು ದಿನ ಹಿಡಿಯಿತು.

ಟೈರು, ಟ್ಯೂಬು, ಚೇನು, ಬ್ರೇಕಿನ ರಬ್ಬರು ಹೊಸವು. 28 ಇಂಚಿನ ಈ ಅಳತೆಯ ಸಾಮಾನು ಇಂದಿಗೂ ಸಿಗುತ್ತದೆ. ಈ ಮಾದರಿ ಅಷ್ಟೊಂದು ಬದಲಾಗಿಲ್ಲ. ಪತ್ರಿಕೆಗಳ ಕಟ್ಟು ಒಯ್ಯಲು ಮುಂದೆ ಬುಟ್ಟಿ, ಅಗಲವಾದ ಸ್ಪ್ರಿಂಗ್ ಸೀಟು, ಡೈನಮೋ ಬದಲು ಬ್ಯಾಟರಿ ದೀಪ ಹಾಕಿದೆ. ಕಪ್ಪು ಬಣ್ಣ ಹೊಸದಾಗಿ ಬಳಿಯಲಿಲ್ಲ, ಜಂಗು ಮಾತ್ರ ಉಜ್ಜಿ ಎಣ್ಣೆ ಹಚ್ಚಿದೆ.

ಉಳಿದದ್ದು ಸೀಟಿನಿಂದ ಹ್ಯಾಂಡಲ್ಲಿನವರೆಗಿನ ಅಡ್ಡಪೈಪು. “ಕತ್ತರಿಸಿ ಕೆಳಗ ವೆಲ್ಡಿಂಗ್ ಮಾಡಿಸ್ರಿ, ಹೆಣ್ಮಕ್ಕಳ ಗಾಡಿ ಆಗ್ತದ” ಎಂದ ಮಿಸ್ತ್ರಿ. ವಿಚಾರ ಮಾಡಿದೆ. ಸೀರೆ ಉಟ್ಟವರನ್ನು ದೂರ ಇಟ್ಟದ್ದು ಈ ಪೈಪೇ. ತಮ್ಮಂದಿರು ಇದರ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತರು. ನನಗೆ “ನೀ ಹುಡುಗಿ, ಒಳಗ ನಡಿ” ಎಂದರು. ಆದರೆ ಮುಲ್ಕಿ ಪರೀಕ್ಷೆಗೆ ಅಪ್ಪ ನನ್ನನ್ನು ಮುದ್ದೇಬಿಹಾಳಕ್ಕೆ ಕೂಡಿಸಿಕೊಂಡು ಹೋದದ್ದೂ ಇದೇ ಪೈಪಿನ ಮೇಲೆ. ಅಲ್ಲಿ ಬಣ್ಣ ಸವೆದು ಕಬ್ಬಿಣ ಕಾಣುತ್ತದೆ. ಒಂದನ್ನು ಅಳಿಸಿದರೆ ಇನ್ನೊಂದೂ ಅಳಿಯುತ್ತದೆ. ಇತಿಹಾಸ ಕಲಿಸುವ ನಾನು ಸಾಕ್ಷಿಯನ್ನು ಕತ್ತರಿಸುವುದು ಸರಿ ಕಾಣಲಿಲ್ಲ. ಪೈಪು ಹಾಗೆಯೇ ಉಳಿಯಿತು. ಸೀಟು ತೀರ ಕೆಳಗಿಳಿಸಿ, ಚೂಡಿದಾರ ತೊಟ್ಟು, ಕಾಲು ಎತ್ತಿ ಹಾಕಿ ಹತ್ತಿದೆ. ಊರು ನೋಡಿತು.

ಅಮೆರಿಕದ ಶಿಕ್ಷಕಿ ಫ್ರಾನ್ಸಿಸ್ ವಿಲ್ಲರ್ಡ್ ಸೈಕಲ್ಲು ಕಲಿತದ್ದು 53ನೆಯ ವಯಸ್ಸಿನಲ್ಲಿ. 1895ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದಳು. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನ ಹಳ್ಳಿಯ ಹೆಂಗಸರಿಗೆ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಿತು. ನಮ್ಮಲ್ಲಿ 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ಹುಡುಗಿಯರ ಸಾಲು ರಸ್ತೆಯಲ್ಲಿ ಕಂಡಿತು. 2020ರಲ್ಲಿ ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. ಆಗ ಕೊಟ್ಟ ಸೈಕಲ್ಲುಗಳು ಈಗ ಎಷ್ಟೋ ಮನೆಗಳ ಹಿತ್ತಿಲಿನಲ್ಲಿ ಚೇನು ಹರಿದು ಬಿದ್ದಿವೆ. ಅವಕ್ಕೆ ಅಡ್ಡಪೈಪು ಇಲ್ಲ. ಅಕ್ಕಂದಿರ ಮದುವೆಯಾದ ಮೇಲೆ ಕೇಳುವವರಿಲ್ಲ, ಅಷ್ಟೆ.

ಹೋದ ವರ್ಷದಿಂದ ಶನಿವಾರ ಸಾಲಿ ಬಿಟ್ಟ ಮೇಲೆ ಅಂಥ ಸೈಕಲ್ಲುಗಳನ್ನು ತರಲು ಹುಡುಗಿಯರಿಗೆ ಹೇಳಿದ್ದೇನೆ. ಇದುವರೆಗೆ ಮೂರು ಓಡುತ್ತಿವೆ. ಪಾನಾಗಳನ್ನು ಮಿಸ್ತ್ರಿಗೆ ತಿರುಗಿ ಕೊಟ್ಟು, ನನ್ನವೇ ಒಂದು ಸೆಟ್ ಕೊಂಡುಕೊಂಡೆ. ಎಡ ಪೆಡಲ್ ಯಾವ ಕಡೆ ತಿರುಗಿಸಬೇಕೆಂದು ಈಗ ಏಳನೆಯ ತರಗತಿಯವರೂ ಹೇಳುತ್ತಾರೆ.