ಮರೆಯದ ಗಣಿತ

ಕಾರಡ್ಕ, ಮುಳ್ಳೇರಿಯ ಕಡೆಯ ತೋಟಗಳಲ್ಲಿ ಸುರಂಗ ಕಂಡವರಿಗೆ ಒಂದು ಸಂಗತಿ ಗೊತ್ತು. ಆಟಿಯಲ್ಲಿ ಗುಡ್ಡದ ಮೇಲೆ ಸುರಿದ ಮಳೆ ಅಂದೇ ಸುರಂಗಕ್ಕೆ ಇಳಿದು ಮುಗಿಯುವುದಿಲ್ಲ. ಮುರಕಲ್ಲಿನ ಸಂದುಗಳಲ್ಲಿ ತಂಗಿ, ಹಿಂದಿನ ನೀರು ಮುಂದಿನ ನೀರಿನೊಡನೆ ಬೆರೆತು, ಮಳೆ ನಿಂತ ಎಷ್ಟೋ ದಿನಗಳ ಮೇಲೂ ಒಸರುತ್ತದೆ. ಹೀಗೆ ಹಿಂದಿನದನ್ನು ಹಿಡಿದಿಟ್ಟುಕೊಳ್ಳುವ ವಸ್ತುಗಳಿಗೂ ಒಂದು ಗಣಿತವಿದೆ. ಅದರ ಹುಟ್ಟು ಮಾತ್ರ ಬಹಳ ದೂರದಲ್ಲಿ.

ಬದಲಾವಣೆಯ ವೇಗವನ್ನು ಹೇಳುವುದು ಅವಕಲ ಸಮೀಕರಣ. ಒಮ್ಮೆ ಅವಕಲಿಸಿದರೆ ವೇಗ, ಎರಡು ಬಾರಿ ಅವಕಲಿಸಿದರೆ ವೇಗದ ಬದಲಾವಣೆ. 1695ರಲ್ಲಿ ಫ್ರಾನ್ಸಿನ ಲೋಪಿತಾಲ್ ಮತ್ತು ಜರ್ಮನಿಯ ಲೈಬ್ನಿಟ್ಸ್ ಅವರ ಪತ್ರವ್ಯವಹಾರದಲ್ಲಿ ಒಂದು ವಿಚಿತ್ರ ಪ್ರಶ್ನೆ ಬಂತು: ಅರ್ಧ ಬಾರಿ ಅವಕಲಿಸಿದರೆ? ಮೇಲ್ನೋಟಕ್ಕೆ ಇದು ವಿರೋಧಾಭಾಸ, ಆದರೂ ಮುಂದೊಂದು ದಿನ ಉಪಯೋಗಕ್ಕೆ ಬಂದೀತು ಎಂದು ಲೈಬ್ನಿಟ್ಸ್ ಉತ್ತರಿಸಿದ. ಆ ದಿನ ಬರಲು ಬಹಳ ಕಾಲ ಹಿಡಿಯಿತು. 1823ರಲ್ಲಿ ನಾರ್ವೆಯ ಯುವಕ ಆಬೆಲ್, 1832ರಲ್ಲಿ ಲಿಯುವಿಲ್, 1847ರಲ್ಲಿ ರೀಮನ್ ಇದರ ಮೇಲೆ ಕೈಯಾಡಿಸಿದರು. 1967ರಲ್ಲಿ ಇಟಲಿಯ ಭೂಭೌತವಿಜ್ಞಾನಿ ಕಪೂಟೊ, ಭೂಮಿಯೊಳಗೆ ಅಲೆಗಳು ಶಕ್ತಿ ಕಳೆದುಕೊಳ್ಳುವ ಬಗೆಯನ್ನು ವಿವರಿಸಲು ಹೊರಟು, ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸೂತ್ರವನ್ನು ಕೊಟ್ಟರು.

ಇದರ ಮರ್ಮ ನೆನಪು. ಪೂರ್ಣಾಂಕ ದರ್ಜೆಯ ಸರಳ ಸಮೀಕರಣಕ್ಕೆ ಈ ಕ್ಷಣದ ಸ್ಥಿತಿ ತಿಳಿದರೆ ಸಾಕು, ನಿನ್ನೆಯದು ಬೇಡ. ಭಿನ್ನಾಂಕ ದರ್ಜೆಯದು ಹಾಗಲ್ಲ. ಮೊದಲಿನಿಂದ ಇಂದಿನವರೆಗಿನ ಎಲ್ಲವನ್ನೂ, ಹಳೆಯದಕ್ಕೆ ಕಡಿಮೆ, ಹೊಸದಕ್ಕೆ ಹೆಚ್ಚು ತೂಕ ಕೊಟ್ಟು, ಕೂಡಿಸಿಕೊಳ್ಳುತ್ತದೆ. ಹಳೆಯ ಜಮಾಖರ್ಚು ಪುಸ್ತಕವನ್ನು ಬಿಸಾಡದ ಅಂಗಡಿಯವನ ಹಾಗೆ!

ಕನ್ನಡ ನಾಡಿನಲ್ಲೂ ಈ ಕೆಲಸ ನಡೆದಿದೆ. ಗಣಿತಜ್ಞ ಡಿ. ಸಿ. ಪಾವಟೆಯವರು ಕುಲಪತಿಗಳಾಗಿ ಕಟ್ಟಿ ಬೆಳೆಸಿದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿ. ವೀರೇಶ, ಡಿ. ಜಿ. ಪ್ರಕಾಶ ಅವರು ಭಿನ್ನಾಂಕ ದರ್ಜೆಯ ಸಮೀಕರಣಗಳ ಮೇಲೆ ಸಂಶೋಧನೆ ನಡೆಸಿದರು. ಕ್ಯಾನ್ಸರಿಗೆ ಕೊಡುವ ಔಷಧದ ಪರಿಣಾಮವನ್ನು ಕಪೂಟೊ ಸೂತ್ರದಿಂದ ಲೆಕ್ಕ ಹಾಕಿದ ಅವರ ಪ್ರಬಂಧ 2019ರಲ್ಲಿ ಪ್ರಕಟವಾಯಿತು.

ನಮಗೇನು ಇದರಿಂದ ಎನ್ನುತ್ತೀರಾ? ಎಂಡೋಸಲ್ಫಾನನ್ನು ನೆನೆಯಿರಿ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷವದು. ಸರಕಾರ ಗುರುತಿಸಿದ ಬಾಧಿತ ಪಂಚಾಯತುಗಳಲ್ಲಿ ಕಾರಡ್ಕವೂ ಒಂದು. ಇಂಥ ವಿಷದ ಲೆಕ್ಕವನ್ನು ಸಾಮಾನ್ಯವಾಗಿ ಅರ್ಧಾಯುಷ್ಯದಲ್ಲಿ ಹೇಳುತ್ತಾರೆ. ಅದು ಒಂದನೆಯ ದರ್ಜೆಯ ಸಮೀಕರಣ: ಹತ್ತು ಅರ್ಧಾಯುಷ್ಯ ಕಳೆದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕೇಳಲು ಹಿತವಾಗಿದೆ. ಆದರೆ ದರ್ಜೆ ಅರ್ಧವಾದರೆ ಬಾಲ ಬಹಳ ಉದ್ದ. ಅಲ್ಲಿ ಉಳಿದದ್ದು ಹತ್ತನೆಯ ಒಂದು ಪಾಲಿಗೆ ಇಳಿಯಬೇಕಾದರೆ ಕಾಲ ನೂರು ಪಟ್ಟು ಬೇಕು. 2003ರಲ್ಲಿ ಅಮೆರಿಕದ ರೀನಾ ಶೂಮರ್ ಮತ್ತು ಸಂಗಡಿಗರು, ನೀರಿನಲ್ಲಿ ಕರಗಿದ ವಸ್ತು ನೆಲದ ಮೂಲೆಗಳಲ್ಲಿ ಸಿಕ್ಕಿಕೊಂಡು ಬಹಳ ತಡವಾಗಿ ಹೊರಬರುವುದನ್ನು ಭಿನ್ನಾಂಕ ದರ್ಜೆಯಿಂದಲೇ ವಿವರಿಸಿದರು. ಇನ್ನೊಂದು ಮಾತು: ಎಂಡೋಸಲ್ಫಾನ್ ಒಡೆದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಮೂಲ ವಿಷಕ್ಕಿಂತಲೂ ಹೆಚ್ಚು ಕಾಲ ಉಳಿಯುತ್ತದೆ. ಮೂಲ ವಿಷವೊಂದನ್ನೇ ಅಳೆದು ಸಮಾಧಾನಪಟ್ಟರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಇದನ್ನು ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಅದೇ ನ್ಯಾಯಾಲಯ ಆಜ್ಞಾಪಿಸಿತು.

ಕಾರಡ್ಕದ ಮಣ್ಣಿನ ದರ್ಜೆ ಒಂದೋ, ಅರ್ಧವೋ ಎಂಬುದನ್ನು ಕಾಗದದ ಮೇಲೆ ಕುಳಿತು ತೀರ್ಮಾನಿಸಲಾಗದು. ಒಂದು ಸಲದ ಮಾದರಿಯೂ ಸಾಲದು. ಅದೇ ಗುಡ್ಡದ ಮಣ್ಣು, ಅದೇ ಸುರಂಗದ ಬಾಯಿಯ ನೀರು, ಮಳೆಗೆ ಮುಂಚೆ ಒಮ್ಮೆ, ಮಳೆಯ ಮೇಲೆ ಒಮ್ಮೆ, ವರ್ಷದಿಂದ ವರ್ಷಕ್ಕೆ ಅಳೆದ ಅಂಕಿಗಳು ಬೇಕು. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮದೇ ಜಿಲ್ಲೆಯ ಪೆರಿಯದಲ್ಲಿದೆ. ಅಲ್ಲಿ ಗಣಿತ ವಿಭಾಗವೂ ಇದೆ.